ನೂರು ಮಗ್ಗದ ಮಂಟಪಕ್ಕೆ ಬೆಂಕಿ

“ಅಯ್ಯೋ, ಸುಡಬೇಡಿ ಅಣ್ಣಾ!”

ತಮಿಳು ನೆಲದ ಗಾಂಧಿಪುರಂನ ಬ್ರೌಸಿಂಗ್ ಸೆಂಟರಿನಲ್ಲಿ ಕೂತಿದ್ದೇನೆ ಎಂಬುದನ್ನೂ ಮರೆತು ಕನ್ನಡದಲ್ಲೇ ಕೂಗಿಬಿಟ್ಟೆ. ಪಕ್ಕದ ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ ಆಟ ಆಡುತ್ತಿದ್ದವರು ಆಗಷ್ಟೇ ಒಂದು ನಗರ ಗೆದ್ದಿದ್ದರು. ಅದನ್ನು ಉಳಿಸಿಕೊಳ್ಳುವುದೋ, ಸುಡುವುದೋ ಎಂದು ಆಟ ಕೇಳುತ್ತಿತ್ತು. ಆ ನಗರದಲ್ಲಿತ್ತು ನನ್ನ ‘ನೂರು ಮಗ್ಗದ ಮಂಟಪ’. ಆಟದಲ್ಲಿ ಕಟ್ಟಬಹುದಾದ ಪಿರಮಿಡ್ಡಿನಂಥ ಜಗದದ್ಭುತಗಳ ಪಕ್ಕದಲ್ಲಿ ಈ ಸೀಮೆಯ ನೇಕಾರರದ್ದೂ ಒಂದು ಅದ್ಭುತ ಇರಲಿ ಎಂದು, ಸೆಂಟರಿನ ಮಾಲೀಕರ ಒಪ್ಪಿಗೆ ಪಡೆದು ನಾನೇ ರೂಪಿಸಿ ಆ ಆಟಕ್ಕೆ ಸೇರಿಸಿದ್ದೆ.

ಅವರು ತಿರುಗಿದರು. ನಡುವಯಸ್ಸು, ಕಾಲ ಬಳಿ ಅಂಗಡಿಗೆ ಕೊಟ್ಟು ಉಳಿದ ಸೀರೆಗಳ ಗಂಟು. ತಮಿಳಿನ ರಾಗದಲ್ಲಿ ಕನ್ನಡವೇ ಬಂತು: “ಏನು ತಂಬಿ, ನಮ್ಮೂರು ಅನ್ನೂರಲ್ಲಿ ವಾರ ಪೂರಾ ಮಗ್ಗದ ಮುಂದೇ ಕೂರ್ತೀನಿ. ಬಸ್ಸು ಹತ್ತೋ ಮುಂಚೆ ಚೂರು ಆಡೋಣ ಅಂತ ಬಂದ್ರೆ ಇಲ್ಲೂ ಮಗ್ಗವಾ?”

ಸುಟ್ಟೇಬಿಟ್ಟರು. ಆಮೇಲೆ ನನ್ನ ಮುಖ ನೋಡಿ, “ನೀನು ಕಟ್ಟಿದ್ದಾ? ಹಂಗಾದ್ರೆ ಮುಂದಿನ ವಾರ ನನ್ನ ಎದುರಿಗೆ ಆಡಿ ಕಾಪಾಡ್ಕೋ,” ಎಂದು ಗಂಟು ಹೆಗಲಿಗೇರಿಸಿ ಹೊರಟರು.

ಗೆಳೆಯರೆಲ್ಲ ಮಂಟಪ ಚೆಂದವಿದೆ ಎಂದು ಹೊಗಳಿದ್ದರು. ಯಾರೂ ಅದರ ಮೇಲೆ ಹೀಗೆ ಮುನಿಸಿಕೊಂಡಿರಲಿಲ್ಲ. ಮಗ್ಗ ತೆಗೆದು ಬೇರೇನಾದರೂ ಮಾಡಲೇ ಎಂದು ಒಂದು ಗಳಿಗೆ ಯೋಚಿಸಿದೆ. ತೆಗೆಯಲಿಲ್ಲ. ಮುಂದಿನ ವಾರ ಆಟದಲ್ಲಿ ಅವರ ಎದುರಾಳಿಯಾಗಿ ಕೂತು ಅದೇ ಮಂಟಪ ಕಟ್ಟಿದೆ. ಒಳಗೆ ನೂರು ಮಗ್ಗ, ಸುತ್ತ ಗೋಡೆ, ಬಾಗಿಲಲ್ಲಿ ಆನೆ ಪಡೆ. ಈಗ ಸುಡಲಿ ನೋಡೋಣ!