ಕಾವಲಿಯ ಮೇಲಿನ ಎಂಟು ತೋಟೆಗಳು

ಅರಬ್ ನಾಡಿನ ಮವಾಲೇಹ್‌ನಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚಿದ್ದ ಕಾಲ ಅದು. ನಾವು ಮೇಲಿನ ಮನೆಯಲ್ಲಿ, ಮಾಲೀಕರಾದ ಬಾಬಾ ಸಾಲಿಂ ಕೆಳಗಿನ ಮನೆಯಲ್ಲಿ. ನಡುವಿನ ಬಾಗಿಲಿಗೆ ಚಿಲಕವೇ ಇರಲಿಲ್ಲ. ಕೆಳಗಿನಿಂದ ಏಲಕ್ಕಿ ಕಾಫಿಯ ಪರಿಮಳ ಮೇಲೆ ಬರುತ್ತಿತ್ತು, ಮೇಲಿನಿಂದ ಅಮ್ಮನ ನೀರುದೋಸೆ ಕೆಳಗೆ ಹೋಗುತ್ತಿತ್ತು.

ಆ ಚಳಿಗಾಲದಲ್ಲಿ ನನಗೆ ಒಂಬತ್ತು ವರ್ಷ. ಬಾಬಾನ ಮಗನ ಮದುವೆ ಹತ್ತಿರವಿತ್ತು. ಮದುವೆಯ ಕುಣಿತದಲ್ಲಿ ಹಿರಿಯರ ಕೈಯಲ್ಲಿ ಕೋವಿ ಇರಲೇಬೇಕಂತೆ. ಒಂದು ಶುಕ್ರವಾರ ಬೆಳಿಗ್ಗೆ ಅಪ್ಪನನ್ನೂ ನನ್ನನ್ನೂ ಪಿಕಪ್ಪಿನಲ್ಲಿ ಕೂರಿಸಿಕೊಂಡು ಅವರು ನಿಜ್ವಾ ಊರಿನ ಸಂತೆಗೆ ಹೊರಟರು. ಆಡುಗಳ ಹರಾಜಿನ ಗದ್ದಲ ದಾಟಿದರೆ ಹಳೆಯ ಕೋವಿ ಮಾರುವ ಮುದುಕರ ಸಾಲು. ಬ್ರಿಟಿಷ್ ಸೈನ್ಯ ಬಿಟ್ಟುಹೋದದ್ದೊಂದನ್ನು ಬಾಬಾ ಕೂಸಿನಂತೆ ಎತ್ತಿಕೊಂಡು, ನಳಿಗೆಯೊಳಗೆ ಇಣುಕಿ, ಮೂಸಿ ನೋಡಿದರು. ನನಗೂ ಮೂಸಲು ಕೊಟ್ಟರು. ಥೇಟ್ ಅಜ್ಜಿಯ ಹೊಲಿಗೆ ಯಂತ್ರದ ವಾಸನೆ!

ಲೈಸೆನ್ಸ್ ತೋರಿಸಿ ಕೊಂಡದ್ದಾಯಿತು. ಮಾರಿದಾತ ಹನ್ನೊಂದು ಹಳೆಯ ಗುಂಡಿನ ತೋಟೆಗಳನ್ನು ಬಟ್ಟೆಯಲ್ಲಿ ಕಟ್ಟಿ ಪುಕ್ಕಟೆ ಕೊಟ್ಟ.

"ಇವು ಸಿಡಿಯೋದಿಲ್ಲ. ನನ್ನಪ್ಪನಿಗಿಂತ ಹಳೆಯವು, ಖಲಾಸ್."

ಮನೆಗೆ ಬಂದು ಬಾಬಾ ಗಂಟನ್ನು ನಮ್ಮ ಅಡುಗೆಮನೆಯಲ್ಲಿ ಬಿಚ್ಚಿದರು. "ಸಾಬ್, ತಳದಲ್ಲಿ ಇಂಗ್ಲಿಷ್ ಇದೆ, ಓದಿ ಹೇಳು." ಹಸಿರು ಕಿಲುಬಿನ ಕೆಳಗೆ ಅಕ್ಷರ ಕಾಣದೆ ಅಪ್ಪ ಉಗುರಿನಿಂದ ಕೆರೆಯತೊಡಗಿದರು.

"ಹಾಗೆ ಕೆರೆದ್ರೆ ಎಂತ ಕಾಣ್ತದೆ ಮಾರಾಯ್ರೆ? ಇಲ್ಲಿ ಕೊಡಿ," ಎಂದಳು ಅಮ್ಮ. ಹಿತ್ತಾಳೆ ಕಂಡರೆ ಅವಳ ಕೈ ಹುಣಸೆಹುಳಿಗೆ ಹೋಗಲೇಬೇಕು. ದೇವರ ದೀಪಗಳ ಹಾಗೆ ಎಂಟು ತೋಟೆಗಳನ್ನು ಉಜ್ಜಿ, ತೊಳೆದು, ದೀಪಗಳ ಹಾಗೆಯೇ ಒಣಗಲೆಂದು ಸಣ್ಣ ಉರಿಯ ಕಾವಲಿಯ ಮೇಲೆ ಸಾಲಾಗಿ ನಿಲ್ಲಿಸಿದಳು. ಅಷ್ಟರಲ್ಲಿ ಅಪ್ಪ ಬಾಬಾನ ಹಿಂದೆ ಮೆಟ್ಟಿಲಿಳಿದಿದ್ದರು. ಉಳಿದ ಮೂರು ತೋಟೆ ಜೇಬಿಗಿಳಿಸಿ, ವಾದಿಯೆಂಬ ಒಣ ಹಳ್ಳದಲ್ಲಿ ಕೋವಿ ಪರೀಕ್ಷಿಸಲು ಅವರ ಸವಾರಿ. ನಾನೂ ಓಡಿದೆ.

"ಗ್ಯಾಸಿನವನಿಗೆ ಫೋನ್ ಮಾಡಿ!" ಅಮ್ಮನ ಕೂಗು ಹಿಂದಿನಿಂದ ಬಂತು.

ಊರಾಚೆ, ನೀರಿಲ್ಲದ ವಾದಿಯ ಗುಡ್ಡದ ಕಡೆ ಬಾಬಾ ಗುರಿ ಹಿಡಿದರು. ಟಿಕ್. ಎರಡನೆಯದೂ ಟಿಕ್. "ಇದಕ್ಕಿಂತ ನನ್ನ ದೀಪಾವಳಿ ಪಿಸ್ತೂಲೇ ವಾಸಿ ಬಾಬಾ," ಎಂದು ನಾನು ಕಿಸಕ್ಕನೆ ನಕ್ಕೆ.

ಮೂರನೆಯದಕ್ಕೆ ಗುಡ್ಡವೇ ಬಿರಿದಂತಾಯಿತು. ಬಾಬಾನ ಟೋಪಿ ಹಾರಿ ಬಿತ್ತು. ಇಬ್ಬರೂ ಹುಡುಗರಂತೆ ಕುಣಿದರು, ನಾನು ಚಪ್ಪಾಳೆ ತಟ್ಟಿದೆ. ಎರಡು ಚಪ್ಪಾಳೆಯಾದ ಮೇಲೆ ಕೈ ನಿಂತುಹೋಯಿತು.

"ಅಪ್ಪಾ, ಉಳಿದದ್ದನ್ನು ಅಮ್ಮ ಒಲೆ ಮೇಲೆ ಒಣಗಿಸ್ಲಿಕ್ಕೆ ಇಟ್ಟಿದ್ದಾಳೆ."

ಅಪ್ಪನ ಕೈ ಜೇಬಿಗೆ ಹೋಯಿತು. ಮೊಬೈಲ್ ಮನೆಯಲ್ಲಿ, ಚಾರ್ಜಿಗೆ. ಬಾಬಾ ಮೊಬೈಲ್ ಇಟ್ಟುಕೊಂಡವರೇ ಅಲ್ಲ.

ಹತ್ತು ನಿಮಿಷದ ಆ ದಾರಿ ನನ್ನೊಳಗೆ ಇನ್ನೂ ಮುಗಿದಿಲ್ಲ. ಬಾಬಾ "ಯಾ ಅಲ್ಲಾಹ್, ಯಾ ಅಲ್ಲಾಹ್" ಎನ್ನುತ್ತಾ ಕೆಂಪು ದೀಪವನ್ನೂ ನೋಡದೆ ಓಡಿಸಿದರು. ಪ್ರತಿ ಸಲ ಪಿಕಪ್ಪು ಎಗರಿದಾಗಲೂ ನಾನು ಕಿವಿ ಮುಚ್ಚಿಕೊಂಡೆ.

ಮೆಟ್ಟಿಲು ಹತ್ತಿದರೆ ಅಮ್ಮ ಸೊಂಟಕ್ಕೆ ಕೈಕೊಟ್ಟು ಒಲೆಯ ಮುಂದೆಯೇ ನಿಂತಿದ್ದಾಳೆ. ಎಂಟೂ ತೋಟೆ ಬಂಗಾರದಂತೆ ಹೊಳೆಯುತ್ತಿವೆ.

"ಬಂದ್ರಾ? ಮೂರು ದಿನದಿಂದ ಬಡ್ಕೊಂಡೆ, ಗ್ಯಾಸಿನವನಿಗೆ ಹೇಳಿ ಅಂತ. ನೀವು ಅತ್ಲಾಗಿ ಹೋದದ್ದೇ ತಡ, ಒಲೆ ಆರಿತು! ಈಗ ಊಟಕ್ಕೆ ಎಂತ ಮಾಡುದು, ನಿಮ್ಮ ತಲೆಯಾ?"

ಅಪ್ಪ ಕಾವಲಿಗೆ ಕೈಯಿಟ್ಟರು. ತಣ್ಣಗಿತ್ತು. ಗೋಡೆಗೊರಗಿ ಹಾಗೆಯೇ ನೆಲಕ್ಕೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೈಗುಳಕ್ಕೆ ಅವರು ಅಷ್ಟು ಖುಷಿಪಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ. ಬಾಬಾ ತೋಟೆಗಳನ್ನು ಮೊಟ್ಟೆಯಂತೆ ಒಂದೊಂದಾಗಿ ಎತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬಂದರು. ಮದುವೆಯಲ್ಲಿ ಖಾಲಿ ಕೋವಿ ಹಿಡಿದೇ ಕುಣಿದರು. ತಳದಲ್ಲಿ ಏನು ಬರೆದಿತ್ತೆಂದು ಕೊನೆಗೂ ಯಾರೂ ಓದಲಿಲ್ಲ.

ಈಗ ಬಾಬಾ ಇಲ್ಲ. ರೂವಿ ಪೇಟೆಯ ನನ್ನ ಫ್ಲ್ಯಾಟಿನಲ್ಲಿ ಕರೆಂಟಿನ ಒಲೆ. ನಡುವೆ ಆರಿಹೋಗಿ ಕಾಪಾಡುವ ಭಾಗ್ಯ ಅದಕ್ಕಿಲ್ಲ. ಎದುರು ಮನೆಯವರ ಹೆಸರು ಗೊತ್ತಿಲ್ಲ, ಅವರ ಒಲೆಯ ಮೇಲೆ ಏನಿದೆಯೆಂದು ಬಾಗಿಲು ತಳ್ಳಿ ನೋಡುವ ಹಾಗೂ ಇಲ್ಲ. ದೋಸೆಗೆಂದು ಕಾವಲಿ ಇಟ್ಟಾಗ ನಾನು ಇಂದಿಗೂ ಮೊದಲು ಅಂಗೈಯಿಂದ ಅದನ್ನು ಮುಟ್ಟಿ ನೋಡುತ್ತೇನೆ. ತಣ್ಣಗಿದ್ದರೆ ಒಂದು ಗಳಿಗೆ ಕೈ ತೆಗೆಯಲು ಮನಸ್ಸಾಗುವುದಿಲ್ಲ.