ದಫೇದಾರರ ಹೆಂಡತಿಯ ಬಾಗಿನ

ಮೊನ್ನೆ ಗಾಂಧಿಬಜಾರಿನಲ್ಲಿ ಬಾಗಿನದ ಮೊರಗಳನ್ನು ಪೇರಿಸಿಟ್ಟಿದ್ದರು. ಈಗಿನವಕ್ಕೆ ಬಣ್ಣ ಬಳಿದು ಜರಿ ಅಂಟಿಸುತ್ತಾರೆ. ಒಂದು ಮೂಲೆಯಲ್ಲಿ ಮಾತ್ರ ಬರೀ ಅರಿಶಿನ ಸವರಿದ ಹಸಿ ಬಿದಿರಿನ ಮೊರಗಳಿದ್ದವು. ಬಗ್ಗಿ ಮೂಸಿದೆ. "ಎಷ್ಟ್ ಜೊತೆ ಕೊಡ್ಲಜ್ಜಿ?" ಎಂದ ಮಾರುವವನು. "ಏನೂ ಬೇಡಪ್ಪ, ವಾಸ್ನೆ ನೋಡ್ದೆ" ಎಂದೆ. ಗಂಡ ಸತ್ತವಳಿಗೆ ಬಾಗಿನದ ಮೊರ ಯಾಕೆ? ಆದರೆ ಆ ವಾಸನೆಗೆ ದಫೇದಾರರ ಹೆಂಡತಿ ನೆನಪಾದಳು. ಮನೆಗೆ ಬಂದ ಮೇಲೂ ಆ ನೆನಪು ಹೋಗಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷದ ಮಾತು. ನನಗಾಗ ಎಂಟೋ ಒಂಬತ್ತೋ. ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಸಾಲಾಗಿ ಸಣ್ಣ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಅಪ್ಪ ಅಕ್ಕಿಪೇಟೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅಮ್ಮ ಬುಟ್ಟಿ ಹೊತ್ತು ಸೊಪ್ಪು ಮಾರುತ್ತಿದ್ದಳು. ಮೂಲೆಮನೆಯಲ್ಲಿ ಪೊಲೀಸ್ ದಫೇದಾರರು. ಅವರ ಹೆಂಡತಿ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಳ್ಳಿಯ ಹುಡುಗಿ, ಗಟ್ಟಿ ದನಿ. ನಕ್ಕರೆ ಬೀದಿಗೆ ಕೇಳಿಸುತ್ತಿತ್ತು.

ದಿಲ್ಲಿಯಲ್ಲಿ ನಮ್ಮವರ ಸರ್ಕಾರ ಬಂದಿತ್ತು. ನಮ್ಮ ಮೈಸೂರು ಸೀಮೆಗೆ ಬಂದಿರಲಿಲ್ಲ. ಇಲ್ಲಿ ಇನ್ನೂ ಮಹಾರಾಜರು, ದಿವಾನರು. ಜನ ಆರಿಸಿದವರೇ ಮಂತ್ರಿಗಳಾಗಬೇಕು, ಜವಾಬ್ದಾರಿ ಸರ್ಕಾರ ಬೇಕು ಎಂದು ಚಳವಳಿ ಹತ್ತಿಕೊಂಡಿತ್ತು. ಬಳೇಪೇಟೆ, ಅಕ್ಕಿಪೇಟೆ ಎಲ್ಲ ಬಾಗಿಲು ಹಾಕಿದ್ದವು. ಮಂಡಿ ಮುಚ್ಚಿಸುವವರ ಗುಂಪಿನಲ್ಲಿದ್ದ ಅಪ್ಪನಿಗೆ ಲಾಠಿ ಏಟು ಬಿದ್ದು ಬಲಗೈ ಮುರಿಯಿತು. ಮೂಟೆ ಹೊರುವವನಿಗೆ ಕೈ ಹೋದರೆ ಇನ್ನೇನು ಉಳಿಯಿತು? ಅಮ್ಮ ಅಳಲಿಲ್ಲ. ನಲ್ಲಿಯ ಹತ್ತಿರ ನಿಂತು, ಸರ್ಕಾರ ಬರುವ ತನಕ ಪೊಲೀಸರ ಮನೆಯ ಜೊತೆ ಕೊಡುವುದು ತರುವುದು ಏನೂ ಇಲ್ಲ ಎಂದು ಎಲ್ಲರಿಗೂ ಹೇಳಿದಳು. ವಠಾರದ ಹೆಂಗಸರು ಹೂಂ ಅಂದರು. ಅಂದಿನಿಂದ ದಫೇದಾರರ ಹೆಂಡತಿಯ ಕೊಡ ಎಲ್ಲಕ್ಕಿಂತ ಹಿಂದೆ. ಅವಳ ಸರದಿ ಬರುವಷ್ಟರಲ್ಲಿ ನೀರೇ ನಿಂತುಹೋಗುತ್ತಿತ್ತು. ದಫೇದಾರರಂತೂ ಮನೆಗೇ ಬರುತ್ತಿರಲಿಲ್ಲ, ಹಗಲೂ ರಾತ್ರಿ ಬಂದೋಬಸ್ತು. ಕಲ್ಲು ಬಿತ್ತಂತೆ, ತಲೆ ಒಡೆಯಿತಂತೆ ಎಂದು ಸುದ್ದಿ ಬಂದಾಗಲೆಲ್ಲ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಯಾರ ತಲೆ ಎಂದು ಯಾರೂ ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಅವಳಿಗೆ ಮದುವೆಯಾದ ಮೇಲಿನ ಮೊದಲ ಗೌರಿ. ಮೊದಲ ಗೌರಿಯಲ್ಲಿ ಮುತ್ತೈದೆಯರಿಗೆ ಬಾಗಿನ ಕೊಡಲೇಬೇಕು. ಗಂಡನ ಆಯುಸ್ಸಿಗೆ ಅಂತ ಕೊಡುವುದು ಅದು. ಒಬ್ಬಳೂ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಅವಳ ಗಂಡ ನೋಡಿದರೆ ದಿನಾ ಕಲ್ಲು ಬೀಳುವ ಕಡೆ ನಿಲ್ಲುವವನು.

ಬೆಳಗ್ಗೆ ಮೊರ ಹಿಡಿದು ಸಾಲುಮನೆಗಳಿಗೆಲ್ಲ ಹೋದಳು. ಒಬ್ಬಳು ಮೈ ಸರಿಯಿಲ್ಲ ಅಂದಳು, ಇನ್ನೊಬ್ಬಳು ಕರೆದರೂ ಓಗೊಡಲಿಲ್ಲ. ಕೊನೆಗೆ ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ಸಿಟ್ಟಿದ್ರೆ ಎರಡೇಟು ಹೊಡೀರಿ. ಬಾಗಿನ ಬೇಡ ಅನ್ಬೇಡಿ."

"ನಿನ್ ಗಂಡನ್ ಲಾಠಿಗೆ ಕೊಡ್ಹೋಗೇ" ಎಂದಳು ಅಮ್ಮ.

"ಹೊಡೆದದ್ದು ನಮ್ಮೋರೇ ಅಂತ ನೋಡಿದೀರಾ?"

"ಯಾರಾದ್ರೇನು, ಟೋಪಿ ಒಂದೇ ತಾನೆ?"

"ಹಂಗಾದ್ರೆ ಯಾವಾಗ ತಗೋತೀರಿ?"

"ಸರ್ಕಾರ ಬರ್ಲಿ."

"ಸರ್ಕಾರ ಬರೋವರ್ಗೂ ಗೌರಿ ಕೂತಿರ್ತಾಳಾ ಅಕ್ಕಾ?"

"ಕಾಯ್ಲಿ. ನಾವೆಲ್ಲ ಕಾಯ್ತಾ ಇಲ್ವಾ?"

ಅವಳು ಮೊರಕ್ಕೆ ಸೆರಗು ಮುಚ್ಚಿಕೊಂಡಳು. ಆಮೇಲೆ ಹೋದಳು. ಒಳಗೆ ಮಲಗಿದ್ದ ಅಪ್ಪ, "ತಗೊಂಡಿದ್ರೆ ಏನ್ ಗಂಟು ಹೋಗ್ತಿತ್ತು?" ಎಂದ. "ನೀವು ಸುಮ್ನೆ ಮಲಕ್ಕೊಳ್ಳಿ" ಎಂದಳು ಅಮ್ಮ.

ಆ ಮಧ್ಯಾಹ್ನ ಹೆಂಗಸರದೇ ಮೆರವಣಿಗೆ ಇತ್ತು. ಅಮ್ಮ ಹೋದಳು, ನಾನು ಹಿಂದೆ ಓಡಿದೆ. ಪೇಟೆಯ ಬಾಯಿಗೆ ಬರುತ್ತಿದ್ದಂತೆ ಪೊಲೀಸರು ತಡೆದು ಒಬ್ಬೊಬ್ಬರನ್ನೇ ಲಾರಿಗೆ ಹತ್ತಿಸತೊಡಗಿದರು. ಜೈಲು ತುಂಬಿಹೋಗಿತ್ತು, ಅದಕ್ಕೆ ದೂರ ಕೊಂಡೊಯ್ದು ಬಿಟ್ಟು ಬರುತ್ತಿದ್ದರು. ಹತ್ತಿಸುವವರಲ್ಲಿ ನಮ್ಮ ವಠಾರದ ದಫೇದಾರರೂ ಇದ್ದರು. ಅಮ್ಮನನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು. ಅಮ್ಮ ಲಾರಿ ಹತ್ತಿದಳು, ನಾನು ಕೆಳಗೇ ಉಳಿದೆ.

ಆಗ ಬಂದಳು ಅವಳು. ಹಬ್ಬದ ಸೀರೆ, ತಲೆ ತುಂಬ ಹೂವು, ಸೆರಗಿನಲ್ಲಿ ಮುಚ್ಚಿದ ಮೊರ. ಜನ ಇಬ್ಬಾಗವಾಗಿ ದಾರಿ ಬಿಟ್ಟರು. ಬಾಗಿನ ಹಿಡಿದು ಬರುವ ಹೆಂಗಸನ್ನು ಯಾವ ಪೊಲೀಸಿನವನು ಮುಟ್ಟುತ್ತಾನೆ? ಅಧಿಕಾರಿ ಒಬ್ಬ, "ಯಾರ್ರೀ ಅದು, ಆಚೆ ಕಳಿಸ್ರೀ" ಎಂದು ಕೂಗಿದ. ದಫೇದಾರರು ಅಲ್ಲಾಡಲಿಲ್ಲ. ಅವಳು ಗಂಡನ ಮುಂದೆಯೇ ಹಾದು ಲಾರಿಯ ಹಿಂದೆ ನಿಂತು ಮೊರ ಎತ್ತಿ ಹಿಡಿದಳು.

"ಅಕ್ಕಾ, ಸರ್ಕಾರ ತರಕ್ಕೆ ಹೊರಟಿದೀರಲ್ಲ, ನನ್ ಮನೆಯೋರ್ ಆಯುಸ್ಸೂ ಅದ್ರಲ್ಲಿ ಸೇರಿಸ್ಕೊಳ್ಳಿ."

ಅಮ್ಮ ಕೈ ಕಟ್ಟಿಕೊಂಡು ನಿಂತಿದ್ದಳು. ಲಾರಿ ಹೊರಟಿತು. ಅವಳು ಮೊರ ಇಳಿಸಲಿಲ್ಲ, ಎತ್ತಿ ಹಿಡಿದೇ ಜೊತೆಗೆ ಓಡಿದಳು. ಒಂದು ಹೆಜ್ಜೆ ತಪ್ಪಿದರೆ ಬಾಗಿನ ಮಣ್ಣುಪಾಲು... ಅಮ್ಮ ಬಗ್ಗಿದಳು. ಸೆರಗೊಡ್ಡಿ, ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳು ನಡುರಸ್ತೆಯಲ್ಲಿ ನಿಂತು ಲಾರಿಗೆ ಕೈ ಮುಗಿದಳು. ಆಮೇಲೆ ನನ್ನ ರಟ್ಟೆ ಹಿಡಿದು, "ನಡೀ, ನಿಮ್ಮಪ್ಪಂಗೆ ಗಂಜಿ ಕಾಸ್ಬೇಕು" ಎಂದಳು.

ಲಾರಿಯವರು ತುಮಕೂರು ರಸ್ತೆಯಲ್ಲಿ ಎಲ್ಲೋ ಊರಿಲ್ಲದ ಕಡೆ ಇಳಿಸಿದರಂತೆ. ನಡೆದು ನಡೆದು ಒಂದು ಹಳ್ಳಿ ಸಿಕ್ಕಿದಾಗ ಬಾಗಿನದ ಅಕ್ಕಿ ಬೇಳೆಯನ್ನೇ ಬೇಯಿಸಿಕೊಂಡು ಎಲ್ಲರೂ ಒಂದೊಂದು ತುತ್ತು ತಿಂದರಂತೆ. ಮಾರನೇ ದಿನ ಅಮ್ಮ ಬಂದಳು, ಕಾಲು ಬಾತುಕೊಂಡಿತ್ತು. ಯಾಕೆ ತೆಗೆದುಕೊಂಡೆ ಎಂದು ಕೇಳಿದವರಿಗೆ "ಬೀಳ್ತಿತ್ತು, ಹಿಡ್ಕೊಂಡೆ" ಎಂದಳು, ಅಷ್ಟೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಸಾಲಿನ ಕೊನೆಯಲ್ಲಿದ್ದ ದಫೇದಾರರ ಹೆಂಡತಿಯ ಕೊಡವನ್ನು ತಂದು ಮುಂದಿಟ್ಟಳು.

ಆದರೆ ಅಧಿಕಾರಿ ಆ ಬಾಗಿನವನ್ನು ಮರೆತಿರಲಿಲ್ಲ. ಹೆಂಡತಿಯ ಕೈಯಲ್ಲಿ ಚಳವಳಿಯವರಿಗೆ ಬಾಗಿನ ಕೊಡಿಸಿದವನು ಎಂದು ದಫೇದಾರರನ್ನು ಎಲ್ಲಿಗೋ ದೂರಕ್ಕೆ ಹಾಕಿದರು. ಒಂದು ಬೆಳಗ್ಗೆ ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟರು. ಅವಳು ಎಲ್ಲರ ಮನೆಗೂ ಹೋಗಿ ಹೇಳಿ ಬಂದಳು, ಬಾಗಿಲು ತೆರೆಯದಿದ್ದವರ ಮನೆಗೂ. ಅಮ್ಮ ಕುಂಕುಮ ಕೊಟ್ಟಳು. "ಸರ್ಕಾರ ಬಂದ್ರೆ ಹೇಳಿ ಕಳಿಸಿ ಅಕ್ಕಾ" ಎಂದು ನಕ್ಕಳು ಅವಳು. ಎಲ್ಲಿಗೆ ಹೇಳಿ ಕಳಿಸುವುದು? ಊರಿನ ಹೆಸರು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಅವರು ಹೋದ ಸ್ವಲ್ಪ ದಿನಕ್ಕೆ ಮಹಾರಾಜರು ಒಪ್ಪಿದರು, ನಮ್ಮವರು ಮಂತ್ರಿಗಳಾದರು. ವಠಾರದಲ್ಲಿ ಸಕ್ಕರೆ ಹಂಚಿದರು. ಪೊಲೀಸರ ಕೈಯಲ್ಲಿ ಲಾಠಿ ಹಾಗೇ ಇತ್ತು. ಅಪ್ಪನ ಕೈ ಸೊಟ್ಟಗೆ ಕೂಡಿಕೊಂಡಿತು, ಮತ್ತೆ ಮೂಟೆ ಹೊರಲಿಲ್ಲ. ಅಮ್ಮ ಸೊಪ್ಪಿನ ಬುಟ್ಟಿಯಲ್ಲೇ ನಮ್ಮನ್ನು ಸಾಕಿದಳು.

ಈಗ ಆ ವಠಾರವಿಲ್ಲ, ನಾಲ್ಕು ಅಂತಸ್ತಿನ ಕಟ್ಟಡವಿದೆ. ಅಮ್ಮನೂ ಹೋಗಿ ಬಹಳ ಕಾಲವಾಯಿತು. ದಫೇದಾರರ ಹೆಂಡತಿ ಎಲ್ಲಿ ಬಾಳಿದಳೋ, ಮಕ್ಕಳಾದವೋ ಇಲ್ಲವೋ... ಒಂದು ಸುದ್ದಿಯೂ ಬರಲಿಲ್ಲ. ಲೆಕ್ಕ ಹಾಕಿದರೆ ಗಂಡ ಹೆಂಡತಿ ಇಬ್ಬರೂ ಈಗ ಇರಲಾರರು. ಮುತ್ತೈದೆಯಾಗಿ ಅವಳೇ ಮೊದಲು ಹೋಗಿರಲಿ ಅಂದುಕೊಳ್ಳುತ್ತೇನೆ. ಲಾರಿಯ ಹಿಂದೆ ಓಡಿ ಅವಳು ಬೇಡಿದ್ದು ಅದೊಂದನ್ನೇ.