ಅಧ್ಯಕ್ಷರಿಗೆ ಸಿಟ್ ಅನ್ನುವುದು ಹೇಗೆ

ಇಂಗ್ಲಿಷಿನವರು ತಮ್ಮ ಸ್ವರಗಳಲ್ಲಿ ಕೆಲವು ಉದ್ದ, ಕೆಲವು ಗಿಡ್ಡ ಎಂದು ವಿಂಗಡಿಸಿಕೊಂಡಿದ್ದಾರೆ. ಒಳ್ಳೆಯದು, ಹ್ರಸ್ವ ದೀರ್ಘ ನಮ್ಮಲ್ಲೂ ಇವೆ. ಆದರೆ ನಮ್ಮ ದೀರ್ಘಕ್ಕೆ ನಾಚಿಕೆಯಿಲ್ಲ. ಅಕ್ಷರದ ಪಕ್ಕದಲ್ಲೇ ಬಾಲ ಬಿಟ್ಟುಕೊಂಡು ನಿಂತಿರುತ್ತದೆ, ಕಂಡವರು ಎಳೆದು ಓದಿದರಾಯಿತು. ಇಂಗ್ಲಿಷಿನದು ಬಚ್ಚಿಟ್ಟುಕೊಳ್ಳುವ ಸ್ವಭಾವ. ‘ಬಿಟ್’ ಎಂಬ ಪದದ ಕೊನೆಗೆ ಒಂದು ಇ ಅಕ್ಷರ ತಂದು ಕೂರಿಸಿದರೆ ಅದು ‘ಬೈಟ್’ ಆಗುತ್ತದೆ. ಹಾಗೆ ಬಂದು ಕೂತ ಇ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ನಮ್ಮ ಮಾವ ಪಡಸಾಲೆಗೆ ಬಂದು ಕೂತರೆ, ಅವರು ಒಂದು ಮಾತೂ ಆಡದಿದ್ದರೂ ಅಡುಗೆಮನೆಯಲ್ಲಿ ನಮ್ಮೆಲ್ಲರ ದನಿ ಬದಲಾಗುತ್ತದಲ್ಲ, ಅದೇ ಲೆಕ್ಕ. ಇನ್ನು ‘ಬಿಟ್’ನೊಳಗಿನ ಇ ಎಂಬ ಸ್ವರಕ್ಕೆ ದೀರ್ಘ ಯಾವುದು ಎಂದರೆ ನಮ್ಮ ಅಂಗನವಾಡಿ ಕೂಸೂ ಈ ಎನ್ನುತ್ತದೆ. ಅವರ ಪುಸ್ತಕದಲ್ಲಿ ಐ ಎಂದಿದೆ. ಇರಲಿ ಬಿಡಿ, ದೊಡ್ಡವರ ಮನೆ ವಿಷಯ, ನಮಗ್ಯಾಕೆ?

ಆದರೆ ನಮಗ್ಯಾಕೆ ಎಂದು ಸುಮ್ಮನಿರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಚನ್ನಗಿರಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಒಂದನೇ ತರಗತಿಯ ಟೀಚರ್ ಬೇಕಾಗಿತ್ತು. ನನಗೆ ಆ ಕೆಲಸ ಬೇಕೇ ಬೇಕಾಗಿತ್ತು. ಹೊನ್ನಾಳಿಯ ತವರಿನಲ್ಲಿದ್ದಾಗ ಬಿ.ಎಡ್. ಮುಗಿಸಿದವಳು ನಾನು. ಮದುವೆಯಾಗಿ ಸಂತೇಬೆನ್ನೂರಿಗೆ ಬಂದ ಮೇಲೆ ನನ್ನ ಓದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಸುಖವಾಗಿ ಮಲಗಿಬಿಟ್ಟಿತ್ತು. ಬೆಳಗಿನ ಕೆಲಸವೆಲ್ಲ ಮುಗಿದು ಅತ್ತೆ ಮಲಗಿದರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಗೋಡೆ ಗಡಿಯಾರ. ಎದುರು ಬೀದಿಯ ಶಾಲೆಯಲ್ಲಿ ಗಂಟೆ ಹೊಡೆದರೆ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಒಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ ಹತ್ತಬೇಕು, ನಾಲ್ಕು ಮಕ್ಕಳು ನನ್ನನ್ನು ಮಿಸ್ ಎನ್ನಬೇಕು. ನನ್ನ ಆಸೆ ಅಷ್ಟೇ.

ಡೆಮೊ ಕ್ಲಾಸಿಗೆ ಕೊಟ್ಟ ಪಾಠ ಇದೇ, ಉದ್ದ ಸ್ವರ, ಗಿಡ್ಡ ಸ್ವರ. ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಂಡು ಪಾತ್ರೆ ತಿಕ್ಕುತ್ತಾ ಕಲಿತೆ. ಸಿಟ್, ಸೀಟ್, ಶಿಪ್, ಶೀಪ್. ವಿಡಿಯೋದ ಬಿಳಿ ಹೆಂಗಸು ಗಿಡ್ಡ ಸ್ವರವನ್ನು ಕತ್ತರಿಸಿ ಬಿಸಾಕಬೇಕು ಎನ್ನುತ್ತಿದ್ದಳು. ನಾನೂ ಕತ್ತರಿಸಿದೆ. ನಡುಮನೆಯಿಂದ ಅತ್ತೆ ಕೂಗಿದರು.

“ಯಾರಿಗೆ ಹಿಂಗೆ ಗದರ್ತಾ ಇದೀಯೆ? ಬೆಕ್ಕು ಬಂದೈತೇನು?”

ವಿಷಯ ತಿಳಿದ ಮೇಲೆ ಪಾಪ ಅವರೇ ವಿದ್ಯಾರ್ಥಿಯಾಗಲು ಒಪ್ಪಿದರು. ಪ್ಲಾಸ್ಟಿಕ್ ಕುರ್ಚಿ ಎದುರು ಸೆರಗು ಹೊದ್ದು ನಿಂತರು. ನಾನು ಸಿಟ್ ಎನ್ನಬೇಕು, ಅವರು ಕೂರಬೇಕು. ಎಷ್ಟು ತಿಣುಕಿದರೂ ಬಾಯಿಂದ ಹೊರಡದು! ನಮ್ಮ ಕಡೆ ಮರ್ಯಾದೆ ಇರುವುದೇ ಮಾತಿನ ಕೊನೆಯಲ್ಲಿ. ಬಾ ಎಂದರೆ ಎಮ್ಮೆಯನ್ನು ಕರೆದಂತೆ, ಬರ್ರಿ ಎಂದರೆ ಮನುಷ್ಯರನ್ನು ಕರೆದಂತೆ, ಬರ್ರೀ ಎಂದು ಎಳೆದರೆ ಬೀಗರನ್ನು ಕರೆದಂತೆ. ಹಿರಿಯರ ಎದುರು ಮಾತನ್ನು ಮೊಟಕಾಗಿ ನಿಲ್ಲಿಸಿದರೆ ನಾಲಿಗೆಗೇ ಏನೋ ಕಡಿಮೆಯಾದಂತೆ ಅನ್ನಿಸುತ್ತದೆ. ಕೊನೆಗೆ “ಸಿಟ್ರೀ” ಎಂದುಬಿಟ್ಟೆ.

“ಹಾಂ, ಈಗ ಕೂರಾಕೆ ಮನಸ್ಸಾತು ನೋಡು,” ಎಂದು ಅತ್ತೆ ಕೂತರು. ಗುರುವಿಗೂ ಶಿಷ್ಯೆಗೂ ಪಾಠ ಚೆನ್ನಾಗಿ ಆಯಿತೆಂದೇ ಅನ್ನಿಸಿತು.

ಡೆಮೊ ದಿನ ಒಂದನೇ ತರಗತಿಯ ಬೆಂಚುಗಳಲ್ಲಿ ಆಡಳಿತ ಮಂಡಳಿಯವರು ಮಕ್ಕಳಂತೆ ಕೂತಿದ್ದರು. ಮಕ್ಕಳ ಬೆಂಚು, ದೊಡ್ಡವರ ಮೊಣಕಾಲು, ನೋಡಲು ಚೆಂದವಿತ್ತು. ಮುಂದಿನ ಬೆಂಚಿನಲ್ಲಿ ಅಧ್ಯಕ್ಷರು. ಅಡಿಕೆ ವ್ಯಾಪಾರಿ, ಎಪ್ಪತ್ತು ದಾಟಿದವರು, ಹಣೆ ತುಂಬಾ ವಿಭೂತಿ. ದಾರಿಯಲ್ಲಿ ಅವರು ಎದುರು ಬಂದರೆ ನಮ್ಮ ಮಾವನೇ ಬೈಕ್ ನಿಲ್ಲಿಸಿ ಇಳಿಯುತ್ತಾರೆ. ಶಿಪ್ಪು ಶೀಪು ಎಲ್ಲ ಸಲೀಸಾಗಿ ದಾಟಿದೆ. ಆಗ ಹೆಡ್‌ಮಿಸ್, “ಆಕ್ಷನ್ ಮಾಡಿ ತೋರಿಸಿ, ಮಗು ನಿಂತಿದೆ ಅಂದ್ಕೊಳ್ಳಿ,” ಎಂದರು. ಮಗುವಾಗಿ ಎದ್ದು ನಿಂತವರು ಯಾರು? ಅಧ್ಯಕ್ಷರೇ!

ಅವರ ಮುಖ ನೋಡಿದೆ, ವಿಭೂತಿ ನೋಡಿದೆ. ನನಗೆ ಅರಿವಿಲ್ಲದೆ ತಲೆ ಬಾಗಿತು. “ಸಿಟ್ರೀ,” ಎಂದೆ.

ಅಧ್ಯಕ್ಷರು ಸಂತೋಷವಾಗಿ ಕೂತರು. ಹೆಡ್‌ಮಿಸ್ ಹುಬ್ಬು ಮೇಲಕ್ಕೆ ಹೋಯಿತು. ಮತ್ತೊಮ್ಮೆ ಹೇಳಿ ಎಂದರು. ಅಧ್ಯಕ್ಷರು ಪಾಪ ಮತ್ತೆ ಎದ್ದರು. ನಾನು ಮತ್ತೆ ಸಿಟ್ರೀ ಎಂದೆ, ಈ ಸಲ ಕೈಯನ್ನೂ ಜೋಡಿಸಿದ್ದೆನಂತೆ. ಹಿಂದಿನ ಬೆಂಚಿನವರು ಕಿಸಕ್ಕೆಂದು ನಕ್ಕರು.

ನನ್ನ ನಂತರ ಹೋದವಳು ಜಗಳೂರು ಕಡೆಯವಳು, ಕಾನ್ವೆಂಟಿನಲ್ಲಿ ಓದಿದವಳು. ವರಾಂಡದಲ್ಲಿ ಕೂತಿದ್ದ ನನಗೆ ಅವಳ “ಸಿಟ್!” ಕೇಳಿಸಿತು. ಅಡಕತ್ತರಿಯಲ್ಲಿ ಅಡಿಕೆ ತುಂಡಾದಂತೆ ಇತ್ತು. ಬೆಂಚು ಕಿರ್ ಎಂದಿತು, ಚಪ್ಪಾಳೆ ಬಿತ್ತು. ಕೆಲಸ ಅವಳದೇ ಎಂದು ಆಗಲೇ ತಿಳಿದು ಬ್ಯಾಗು ಎತ್ತಿಕೊಂಡೆ.

ಹೊರಗೆ ಬಂದ ಅಧ್ಯಕ್ಷರು ನನ್ನ ಬಳಿ ನಿಂತರು. “ನೋಡವ್ವ ತಂಗಿ, ನಿನ್ನ ಮರ್ಯಾದಿ ಬಾಳ ಚಂದ ಐತೆ. ಆದ್ರೆ ಮರ್ಯಾದಿ ಮನೇಲೇ ಸಿಗ್ತೈತೆ. ಅದನ್ನ ಕಲಿಸಾಕೆ ಫೀಸ್ ಕಟ್ಟಿ ಯಾರು ಕಳಿಸ್ತಾರೆ, ಹೇಳು?”

ಎಂಥ ನ್ಯಾಯ! ಕೂರುವಾಗ ನನ್ನ ರೀ ಬೇಕಾಯಿತು, ಕೆಲಸ ಕೊಡುವಾಗ ಬೇಡವಾಯಿತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಊರು ಬರುವವರೆಗೂ ಅಳುತ್ತಾ ಬಂದೆ. ಮನೆಯಲ್ಲಿ ಅತ್ತೆಯವರು “ನಾನು ಚೆನ್ನಾಗೇ ಕೂತಿದ್ನಲ್ಲೇ,” ಎಂದು ತಮ್ಮದೇ ತಪ್ಪೆಂಬಂತೆ ಪೇಚಾಡಿದರು.

ದಸರಾ ರಜೆ ಕಳೆದ ಮೇಲೆ ನ್ಯಾಮತಿಯಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆವು. ಹುಡುಗಿಯ ಕಡೆಯ ಹಿರಿಯರು ಅದೇ ಅಧ್ಯಕ್ಷರು. ನಮ್ಮಲ್ಲಿ ಮನೆ ಹಿರಿಯರು ಮೊದಲ ಪಂಕ್ತಿಗೆ ಕೂರುವುದಿಲ್ಲ. ಎಲೆ ಎಲೆಯ ಎದುರು ನಿಂತು “ನಿಧಾನಕ್ಕೆ ಊಟ ಮಾಡ್ರೀ, ಇನ್ನೊಂದು ಹೋಳಿಗೆ ಹಾಕಿಸ್ಕೊಳ್ರೀ,” ಎಂದು ಬಲವಂತ ಮಾಡುತ್ತಾ ಹೋಗಬೇಕು. ಅಧ್ಯಕ್ಷರು ಹೊಸ ಬೀಗರ ಎದುರು ಹಾಗೆ ರೀ ರೀ ಎಂದು ಬಾಗುತ್ತಿದ್ದಾಗ ನನ್ನ ಎದುರು ಸಾಲಿನಲ್ಲಿ ಒಂದು ಪುಟ್ಟ ಹುಡುಗಿ ಖಾಲಿ ಕುರ್ಚಿಯತ್ತ ಬೆರಳು ಚಾಚಿ ಗದರಿದಳು.

“ಅಜ್ಜಾ! ಸಿಟ್!”

ಆ ಜಗಳೂರಿನ ಟೀಚರ್ ಅಂದಿದ್ದ ‘ಸಿಟ್’ ಅದೇ, ಅಚ್ಚು ಒತ್ತಿದಂತೆ. ಅಧ್ಯಕ್ಷರ ಮೊಮ್ಮಗಳು, ಆ ಟೀಚರ್ ಪಾಠ ಮಾಡುವ ಒಂದನೇ ತರಗತಿಯಂತೆ. ಅಧ್ಯಕ್ಷರು ನಗಲು ನೋಡಿದರು. “ಇಂಗ್ಲಿಷ್ ರೀ, ಇಂಗ್ಲಿಷ್,” ಎಂದು ಬೀಗರಿಗೆ ವಿವರಿಸಿದರು. ಕೂಸು ಬಿಡಬೇಕಲ್ಲ?

“ನೋ ಟಾಕಿಂಗ್! ಸಿಟ್! ಈಟ್!”

ಗಿಡ್ಡದ್ದು ಗಿಡ್ಡ, ಉದ್ದದ್ದು ಉದ್ದ, ಒಂದು ಕೂದಲೆಳೆ ತಪ್ಪಿಲ್ಲ. ಬೀಗರ ಕಡೆಯ ಅಜ್ಜಿಯೊಬ್ಬರು ಕೈಯಲ್ಲಿದ್ದ ತುತ್ತು ಕೈಯಲ್ಲೇ ಹಿಡಿದು, “ಅಯ್ಯ ಶಿವನೇ, ನಾಯಿಗೆ ಅಂದಂಗೆ ಅಂತೈತಲ್ರೀ ಕೂಸು!” ಎಂದರು. ಪಂಕ್ತಿಯವರೆಲ್ಲ ಊಟ ಬಿಟ್ಟು ಅತ್ತ ತಿರುಗಿದರು. ಅಧ್ಯಕ್ಷರು ಕೂತರು. ಅವರ ಮುಖ ನೋಡಿ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ, ತುಂಬಾ ಖುಷಿಯಾಯಿತು. ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡೆ.

ಸ್ವಲ್ಪ ಹೊತ್ತಿಗೆ ಅವರು ತಲೆ ಎತ್ತಿ ನನ್ನನ್ನು ಗುರುತಿಸಿದರು. “ನೀವು ಆ ಸಿಟ್ರೀ ಅಂದ ಟೀಚರ್ ಅಲ್ಲೇನ್ರೀ?” ಅಂದು ತಂಗಿ ಎಂದಿದ್ದವರು ಇಂದು ರೀ ಹಚ್ಚಿದ್ದರು. “ಎರಡನೇ ಕ್ಲಾಸಿಗೆ ಒಬ್ರು ಬೇಕಾಗ್ಯಾರೆ. ಬಂದು ನಮ್ಮ ಹುಡುಗ್ರಿಗೆ ಒಂದಿಷ್ಟು ಮರ್ಯಾದಿ ಕಲಿಸ್ರೀ.”

“ಅದು ಮನೇಲೇ ಸಿಗ್ತೈತಲ್ರೀ ಯಜಮಾನ್ರೇ,” ಎಂದೆ.

ಅವರು ತಲೆ ತಗ್ಗಿಸಿ ಎಲೆಗೆ ನೀರು ಚಿಮುಕಿಸಿದರು. ನಾನು ಅಲ್ಲಿಗೇ ಕೈ ತೊಳೆಯಲು ಎದ್ದು ಹೋಗಿದ್ದರೆ ಈ ಕಥೆಯನ್ನು ಇನ್ನೂ ಬಿಗುಮಾನದಿಂದ ಹೇಳಬಹುದಿತ್ತು. ಆದರೆ ಮನೆಯ ಗೋಡೆ ಗಡಿಯಾರ ನೆನಪಾಯಿತು. ಎಂಜಲು ಕೈಯಲ್ಲೇ ಮುಂದಕ್ಕೆ ಬಾಗಿ, “ಸೋಮವಾರ ಎಷ್ಟೊತ್ತಿಗೆ ಬರ್ಬೇಕ್ರೀ?” ಎಂದು ಕೇಳಿದೆ. ಕೊನೆಯ ರೀಯನ್ನು ಉಸಿರಿರುವಷ್ಟು ಉದ್ದ ಎಳೆದೆ.